ಹೊರಗಿನ ಚಿಲಕ

ಹುಳುವಿನ ಮನೆಯ ಬಾಗಿಲ ವಿಷಯದಲ್ಲಿ ಅಕ್ಕಯಮ್ಮ ಹೆತ್ತ ಮಕ್ಕಳನ್ನೂ ನಂಬುವವಳಲ್ಲ. ಯಾರೇ ಒಳಗೆ ಹೋಗಲಿ, ಯಾರೇ ಹೊರಗೆ ಬರಲಿ, ಅವರ ಬೆನ್ನಿಗೇ "ಬಾಗ್ಲೂ..." ಎಂದು ಅವಳ ಗಂಟಲು ಏಳುತ್ತಿತ್ತು. ಊಜಿ ನೊಣ ಬಂದ ಮೇಲಂತೂ ಕೇಳುವುದೇ ಬೇಡ. ನೋಡಲು ಮಾಮೂಲಿ ನೊಣದ ಹಾಗೇ ಇರುವ ಆ ದರಿದ್ರದ್ದು ಒಂದು ಒಳಗೆ ಸೇರಿದರೆ ಸಾಕು, ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಟ್ಟುಬಿಡುತ್ತದೆ. ಹುಳು ಗೂಡು ಕಟ್ಟುವ ಹೊತ್ತಿಗೆ ನೊಣದ ಮರಿ ಅದನ್ನು ಒಳಗಿನಿಂದಲೇ ತಿಂದು ಮುಗಿಸಿರುತ್ತದೆ. ಹಿಂದಿನ ವರ್ಷ ಒಂದು ಬೆಳೆ ಪೂರ್ತಿ ಹಾಗೇ ಹೋಗಿತ್ತು. ಆಮೇಲೆ ಅಕ್ಕಯಮ್ಮ ಕಿಟಕಿಗಳಿಗೆ ನೈಲಾನ್ ಪರದೆ ಹೊಡೆಸಿದಳು. ಬಾಗಿಲಿಗೆ ಒಳಗೊಂದು ಚಿಲಕ ಇತ್ತು, ಹೊರಗೂ ಒಂದು ಹಾಕಿಸಿದಳು. ಹೊರಗೆ ಯಾಕೆ ಎಂದರೆ ಕೋಳಿಗಳು ಕದ ತಳ್ಳಿಕೊಂಡು ನುಗ್ಗುತ್ತವೆ, ಪಕ್ಕದ ಮನೆಯ ಹುಡುಗರು ಇಣುಕುತ್ತಾರೆ.

ಚನ್ನರಾಯಪಟ್ಟಣ ಹೋಬಳಿಯ ಆ ಹಳ್ಳಿಯಲ್ಲಿ ಹುಳುವಿಗೆಂದು ಬೇರೆ ಮನೆ ಕಟ್ಟಿಸಿಕೊಂಡವರು ಕಡಿಮೆ. ಅಕ್ಕಯಮ್ಮನ ಮನೆಯಲ್ಲೂ ಹಿಂದಿನ ದೊಡ್ಡ ಅಂಕಣ ಹುಳುವಿನದು. ಮುಂದಿನ ಪಡಸಾಲೆ, ಒಂದು ಕೋಣೆ, ಅಡಿಗೆಮನೆ ಇಷ್ಟು ಮನುಷ್ಯರದು. ಅವಳು, ಗಂಡ ಚಿಕ್ಕವೆಂಕಟಪ್ಪ, ಕಿರಿಮಗ ರವಿಚಂದ್ರ, ಸೊಸೆ ಮುನಿರತ್ನ ಅಲ್ಲಿದ್ದರು. ಹಿರಿಮಗ ಮೂರ್ತಿ ಹತ್ತಿರದ ಪೇಟೆ ವಿಜಯಪುರದ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿ ಅಲ್ಲೇ ಸಂಸಾರ ಹೂಡಿದ್ದ. ಭಾನುವಾರ ಮೊಪೆಡ್ಡಿನಲ್ಲಿ ಬಂದು ಉಂಡು, ಎಲ್ಲರಿಗೂ ಬುದ್ಧಿ ಹೇಳಿ ಹೋಗುತ್ತಿದ್ದ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಬೈರಪ್ಪನ ಬಾವಿಯ ಹೂಳೆತ್ತಲು ರವಿಚಂದ್ರ ಮತ್ತು ಅವನ ಜೊತೆಗಾರ ವೆಂಕಟರಾಯಪ್ಪ ಇಳಿದಿದ್ದರು. ಮಧ್ಯಾಹ್ನದ ಬುತ್ತಿ ಉಂಡು ಮತ್ತೆ ಇಳಿದಾಗ ಬಾವಿಯ ಪಕ್ಕೆ ಕುಸಿಯಿತು. ರವಿಚಂದ್ರ ಕತ್ತಿನವರೆಗೆ ಹೂತುಹೋದ. ವೆಂಕಟರಾಯಪ್ಪ ಕಾಣಲೇ ಇಲ್ಲ. ಊರೆಲ್ಲ ಸೇರಿ ರವಿಚಂದ್ರನನ್ನು ಮೇಲಕ್ಕೆ ತರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ಮಣ್ಣಿನೊಳಗಿಂದ ಸ್ವಲ್ಪ ಹೊತ್ತು ವೆಂಕಟರಾಯಪ್ಪನ ದನಿ ಕೇಳುತ್ತಿತ್ತಂತೆ, ಆಮೇಲೆ ನಿಂತುಹೋಯಿತಂತೆ. ಇದನ್ನು ರವಿಚಂದ್ರ ಹೆಂಡತಿಗೆ ಒಂದೇ ಒಂದು ಸಲ ಹೇಳಿದ್ದ. ಅಕ್ಕಯಮ್ಮನಿಗೆ ಗೊತ್ತಾದದ್ದು ಸೊಸೆಯಿಂದ.

ಮುರಿದ ಪಕ್ಕೆಲುಬು ಕೂಡಿಕೊಂಡಿತು. ಆದರೆ ರವಿಚಂದ್ರ ಮನೆಯೊಳಗೆ ಮಲಗುವುದನ್ನು ಬಿಟ್ಟ. ಚಳಿಯೋ ಗಾಳಿಯೋ, ಜಗಲಿಯೇ ಅವನ ಹಾಸಿಗೆ. ಹುಳುವಿನ ಅಂಕಣಕ್ಕೆ ಕಾಲಿಡುತ್ತಿರಲಿಲ್ಲ. ಮೊದಲು ಹುಳುವಿನ ಕೆಲಸದಲ್ಲಿ ಮುಕ್ಕಾಲು ಪಾಲು ಅವನದೇ ಇತ್ತು. ಈಗ ಅದೆಲ್ಲ ಅತ್ತೆ ಸೊಸೆಯರ ಸೊಂಟದ ಮೇಲೆ ಬಿತ್ತು. ಅಕ್ಕಯಮ್ಮ ದೃಷ್ಟಿ ತೆಗೆದಳು, ತಾಯತ ಕಟ್ಟಿಸಿದಳು. ದೊಡ್ಡಾಸ್ಪತ್ರೆಗೆ ತೋರಿಸೋಣ ಎಂದು ಗಂಡ ಅಂದಾಗ ಮಾತ್ರ ಎರಗಿ ಬಿದ್ದಳು. "ನನ್ ಮಗನಿಗೆ ತಲೆ ಕೆಟ್ಟಿದೆ ಅಂತ ಊರಿಗೆಲ್ಲ ಡಂಗುರ ಹೊಡಿಸ್ತೀರಾ?"

ಫಾಲ್ಗುಣದ ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದರು. ಅವರೆಕಾಳಿನ ಸಾರು, ರಾಗಿ ಮುದ್ದೆ. ರವಿಚಂದ್ರ ಮುದ್ದೆಯನ್ನು ಚೂರು ಚೂರು ಮುರಿದು ಬಾಯಿಗಿಟ್ಟು ಅಗಿಯುತ್ತಿದ್ದ. ಅಕ್ಕಯಮ್ಮ ಎಷ್ಟು ಹೊತ್ತು ತಡೆದುಕೊಂಡಾಳು!

"ಮುದ್ದೇನ ಅಗೀತಾ ಕೂತ್ಕೊಂಡ್ರೆ ಅದು ಮುಗಿಯೋದು ಯಾವಾಗ್ಲೋ? ನುಂಗೋ ಸುಮ್ನೆ."

"ನುಂಗಕ್ಕಾಗಲ್ಲ ಕಣವ್ವ. ಗಂಟಲಲ್ಲಿ ನಿಂತ್ಕೊಂಡಂಗಾಗ್ತದೆ."

"ಹಾಲು ಬಿಟ್ಟ ಮಗು ನುಂಗ್ತದೆ, ನಿಂಗಾಗಲ್ವಾ?"

ಮುನಿರತ್ನ ಸೌಟನ್ನು ಪಾತ್ರೆಯೊಳಕ್ಕೆ ಕುಕ್ಕಿದಳು. "ಅನ್ನ ಇಕ್ತೀನಿ ಬಿಡಿ ಅತ್ತೆ. ಉಣ್ಣೋ ಹೊತ್ನಲ್ಲಾದ್ರೂ ಸುಮ್ಕಿರಬಾರ್ದಾ?"

ಮೂರ್ತಿ ಕೈ ತೊಳೆದು ಬಂದು ತನ್ನ ಚೀಲದಿಂದ ಒಂದು ಟೇಪ್ ರೆಕಾರ್ಡರ್ ತೆಗೆದ. ವಿಜಯಪುರದಲ್ಲಿ ಸಂಜೀವಪ್ಪ ಎಂಬ ನಿವೃತ್ತ ಮೇಷ್ಟ್ರು ಧ್ಯಾನ ಶಿಬಿರ ನಡೆಸುತ್ತಾರೆಂದೂ, ಅವರು ಹೇಳಿಕೊಡುವುದನ್ನೆಲ್ಲ ತಾನು ಕ್ಯಾಸೆಟ್ಟಿಗೆ ತುಂಬಿಕೊಂಡು ಬಂದಿರುವೆನೆಂದೂ ಹೇಳಿದ.

"ಪೂಜೆ ಮಂತ್ರ ಏನೂ ಇಲ್ಲ. ಸುಮ್ನೆ ಕೂತು ಉಸಿರು ನೋಡ್ಕೊಳ್ಳೋದು. ನನ್ನ ಗ್ಯಾಸ್ಟ್ರಿಕ್ಕೇ ಹೊರಟೋಯ್ತು ಗೊತ್ತಾ?"

"ಅದು ಹೋಟ್ಲು ಬೋಂಡ ಬಿಟ್ಟಿದ್ದಕ್ಕೆ ಹೋಗಿರ್ತದೆ ಬಿಡಪ್ಪ," ಎಂದ ಚಿಕ್ಕವೆಂಕಟಪ್ಪ ಎಲೆ ಅಡಿಕೆ ಜಗಿಯುತ್ತ.

"ನಗಬೇಡಿ ಅಪ್ಪ. ಇವ್ನಿಗೆ ಬೇಕಾಗಿರೋದೇ ಇದು. ಭಯ ಅನ್ನೋದು ಮನಸ್ಸಿಂದು. ಮನಸ್ಸು ನಿಂತ್ರೆ ಭಯಾನೂ ನಿಲ್ತದೆ."

ಅಕ್ಕಯಮ್ಮನಿಗೆ ಇದು ಹಿಡಿಸಿತು. ಆಸ್ಪತ್ರೆ ಮೆಟ್ಟಿಲು ಹತ್ತುವ ಹಾಗಿಲ್ಲ, ಊರಿಗೆ ಗೊತ್ತಾಗುವ ಹಾಗಿಲ್ಲ. ಎಲ್ಲಿ ಕೂರಿಸುವುದು ಎಂಬುದೊಂದೇ ಪ್ರಶ್ನೆ. ಪಡಸಾಲೆಯಲ್ಲಿ ಓಡಾಟ, ಜಗಲಿಯಲ್ಲಿ ಬೀದಿಯ ಗಲಾಟೆ. ಮನೆಯಲ್ಲಿ ಯಾರೂ ಮಾತಾಡದ, ಯಾರೂ ಸುಮ್ಮನೆ ನುಗ್ಗದ ಜಾಗ ಎಂದರೆ ಹುಳುವಿನ ಅಂಕಣ. ಹೊಸ ಬೆಳೆಯ ಹುಳು ಆಗಷ್ಟೇ ಎರಡನೇ ಜ್ವರ ಎದ್ದಿತ್ತು, ಅಂದರೆ ಎರಡನೇ ಪೊರೆ ಕಳಚಿತ್ತು. ತಟ್ಟೆಗಳ ಸಾಲಿನ ಪಕ್ಕ, ಸಗಣಿ ಸಾರಿಸಿದ ನೆಲದ ಮೇಲೆ ಚಾಪೆ ಹಾಸಿದರು. ರವಿಚಂದ್ರ ಹೊಸ್ತಿಲಲ್ಲಿ ನಿಂತು ಒಳಗೆ ನೋಡಿದ.

"ಇಲ್ಲಿ ಬೇಡ ಅಣ್ಣ."

"ಎಲ್ಲಿ ಬೇಡ ಅನ್ನಿಸ್ತದೋ ಅಲ್ಲೇ ಕೂರಬೇಕು ಕಣೋ. ಬಾ."

ಅಣ್ಣನಿಗೆ ಎದುರು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ. ಕೂತ. ಕದ ಮುಚ್ಚಿತು, ಟೇಪು ತಿರುಗಿತು. ಮೇಷ್ಟ್ರ ಮೆತ್ತನೆಯ ದನಿ ಹೊರಗೂ ಕೇಳುತ್ತಿತ್ತು: "ಬೆನ್ನು ನೆಟ್ಟಗಿರಲಿ. ಕಣ್ಣು ಮುಚ್ಚಿ. ಉಸಿರು ಒಳಗೆ ಬರುತ್ತಿದೆ, ನೋಡಿ. ಉಸಿರು ಹೊರಗೆ ಹೋಗುತ್ತಿದೆ, ನೋಡಿ. ಏನೇ ಬಂದರೂ ಏಳಬೇಡಿ." ಟೇಪು ಅರ್ಧಕ್ಕೆ ಬರುವ ಮೊದಲೇ ರವಿಚಂದ್ರ ಹೊರಗೆ ಬಂದ. ಅಂಗಿ ಬೆವರಿಗೆ ಒದ್ದೆಯಾಗಿತ್ತು.

"ಕಣ್ಣು ಮುಚ್ಚಿದ್ರೆ ಉಸಿರು ಕಾಣಲ್ಲ ಅಣ್ಣ. ಮಣ್ಣು ಕಾಣ್ತದೆ."

"ಮೊದಮೊದ್ಲು ಹಂಗೇ. ಮನಸ್ಸು ಒದ್ದಾಡ್ತದೆ. ಅವ್ವ, ದಿನಾ ಕೂರಿಸು, ಬಿಡಬೇಡ," ಎಂದು ಮೂರ್ತಿ ಟೇಪನ್ನು ಅಲ್ಲೇ ಬಿಟ್ಟು ಮೊಪೆಡ್ ಹತ್ತಿದ.

ಅಕ್ಕಯಮ್ಮ ಬಿಡುವವಳೇ? ಮಕ್ಕಳಿಗೆ ಬಾಯಿ ಅಗಲಿಸಿ ಕಷಾಯ ಹೊಯ್ದು ಬೆಳೆಸಿದವಳು. ಹುಳುವಿಗೆ ಬೆಳಗಿನ ಹಿಪ್ಪುನೇರಳೆ ಸೊಪ್ಪು ಹಾಕಿ ಮುಗಿಸಿದ ಕೂಡಲೇ "ಕೂತ್ಕೋ ನಡಿ" ಎಂದು ಮಗನನ್ನು ಅಟ್ಟುತ್ತಿದ್ದಳು. ಅವನು ಕೂರುತ್ತಿದ್ದ. ಹುಳು ಬೆಳೆದು ದಪ್ಪಗಾಗುತ್ತ ಹೋಯಿತು, ಅವನು ಸೊರಗುತ್ತ ಹೋದ. ಊಟ ಕಡಿಮೆಯಾಯಿತು. ಜಗಲಿಯಲ್ಲಿ ಮಲಗಿದವನು ನಿದ್ದೆಗಣ್ಣಲ್ಲಿ ಕೂಗಿಕೊಂಡರೆ ಬೀದಿ ನಾಯಿಗಳೆಲ್ಲ ಎದ್ದು ಬೊಗಳುತ್ತಿದ್ದವು. ಸೊಪ್ಪಿನ ಹೊರೆಯನ್ನು ಯಾರಾದರೂ ನೆಲಕ್ಕೆ ಧೊಪ್ಪನೆ ಹಾಕಿದರೆ ಬೆಚ್ಚಿ ಗೋಡೆ ಹಿಡಿಯುತ್ತಿದ್ದ.

ಮುನಿರತ್ನ ಒಂದು ದಿನ ಸೊಪ್ಪು ಬಿಡಿಸುತ್ತ ಕೂತಲ್ಲೇ ಮಾತು ತೆಗೆದಳು.

"ಅತ್ತೆ, ಅದನ್ನ ನಿಲ್ಸಿ. ಕೂತು ಎದ್ಮೇಲೆ ಅವ್ರ ಕೈ ಮುಟ್ಟಿ ನೋಡಿದೀರಾ? ತಣ್ಣಗೆ ಹೆಣದ ಕೈ ಆಗಿರ್ತದೆ."

"ಬಿಡ್ತು ಅನ್ನು! ಒಳ್ಳೇದಕ್ಕೆ ಮಾಡ್ತಿರೋದಲ್ವಾ?"

"ಒಳ್ಳೇದಾಗ್ತಿಲ್ವಲ್ಲ. ಹಿಂಗೇ ಆದ್ರೆ ನಾನವ್ರನ್ನ ಹೊಸಕೋಟೆಗೆ ಕರ್ಕೊಂಡು ಹೋಗ್ತೀನಿ. ನಮ್ಮಪ್ಪನ ಮನೇಲಿ ಹುಳಾನೂ ಇಲ್ಲ, ಮುಚ್ಚೋ ಬಾಗ್ಲೂ ಇಲ್ಲ."

"ಮನೆ ಅಳಿಯ ಆಗ್ಬೇಕಾ ನನ್ ಮಗ?"

"ಏನಾದ್ರೂ ಆಗ್ಲಿ, ಉಳ್ಕಂಡ್ರೆ ಸಾಕು."

ಅಕ್ಕಯಮ್ಮನಿಗೆ ನಿಜವಾಗಿ ಹೆದರಿಕೆಯಾಯಿತು. ಒಬ್ಬ ಮಗ ಆಗಲೇ ವಿಜಯಪುರದವನಾಗಿದ್ದ. ಇವನೂ ಹೊರಟುಬಿಟ್ಟರೆ ಈ ಮನೆಯಲ್ಲಿ ಅವಳಿಗೆ ಉಳಿಯುವುದು ಹುಳು ಮತ್ತು ಎಲೆ ಅಡಿಕೆ ಜಗಿಯುವ ಮುದುಕ. ಅದಕ್ಕೇ ಇನ್ನೂ ಬಿಗಿ ಮಾಡಿದಳು. ಬೇಗ ವಾಸಿಯಾಗಲಿ, ಬೇಗ ವಾಸಿಯಾಗಲಿ ಎಂಬುದೊಂದೇ ಅವಳ ತಲೆಯಲ್ಲಿತ್ತು.

ನಾಲ್ಕನೇ ಜ್ವರ ಎದ್ದ ಹುಳು ಹಣ್ಣಾಗಿ ಗೂಡಿಗೆ ತಯಾರಾಗಲು ಇನ್ನೇನು ಒಂದೆರಡು ದಿನ ಎನ್ನುವಾಗ ಅಕ್ಕಯಮ್ಮ ಅಂಗಳದಲ್ಲಿ ಊಜಿ ನೊಣ ಕಂಡಳು. ಪೊರಕೆ ಹಿಡಿದು ಅಟ್ಟಿಸಿಕೊಂಡು ಓಡಿದಳು, ಸಿಗಲಿಲ್ಲ. ಆಗ ರವಿಚಂದ್ರ ಒಳಗೆ ಕೂತಿದ್ದ. ಅವನು ನಡುವೆ ಎದ್ದು ಬರುವಾಗ ಕದ ಹಾರುಹೊಡೆದು ಬರುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಮುನಿರತ್ನ ತೋಟದಲ್ಲಿದ್ದಳು, ಗಂಡ ಸಂತೆಗೆ ಹೋಗಿದ್ದ. ತಾನೂ ಸೊಪ್ಪು ತರಲು ಹೊರಡಬೇಕಿತ್ತು. ಕದವನ್ನು ಮೆಲ್ಲಗೆ ಎಳೆದಳು. ಒಳಗಿನಿಂದ "ಏನೇ ಬಂದರೂ ಏಳಬೇಡಿ" ಎನ್ನುವ ಮೇಷ್ಟ್ರ ದನಿ ಬರುತ್ತಿತ್ತು. ಟೇಪು ಮುಗಿಯುವಷ್ಟರಲ್ಲಿ ಬಂದುಬಿಡುತ್ತೇನೆ ಎಂದುಕೊಂಡು ಹೊರಗಿನ ಚಿಲಕ ಹಾಕಿದಳು.

ತೋಟದಲ್ಲಿ ಅವಳು ಮಡಿಲು ತುಂಬುವಷ್ಟು ಸೊಪ್ಪನ್ನೂ ಕಿತ್ತಿರಲಿಲ್ಲ, ಮನೆಯ ಕಡೆಯಿಂದ ಕೂಗು ಕೇಳಿಸಿತು. ಮುನಿರತ್ನ ಬುಟ್ಟಿ ಎಸೆದು ಓಡಿದಳು. ಅಕ್ಕಯಮ್ಮ ಏದುಸಿರು ಬಿಡುತ್ತ ಹಿಂದೆ ಓಡಿದಳು.

ಹಿಂದಿನ ಕಿಟಕಿಯ ಮರದ ಸರಳು ಮುರಿದು ನೇತಾಡುತ್ತಿತ್ತು. ನೈಲಾನ್ ಪರದೆ ಸೀಳಿತ್ತು. ರವಿಚಂದ್ರ ಅಂಗಳದ ಹೊಂಗೆ ಮರದ ಬುಡದಲ್ಲಿ ಕೂತು ಎರಡೂ ಕೈಯಲ್ಲಿ ನೆಲ ಹಿಡಿದುಕೊಂಡಿದ್ದ. ಮೊಣಕೈಯವರೆಗೆ ರಕ್ತ. ಅಕ್ಕಯಮ್ಮ ಚಿಲಕ ತೆಗೆದು ಒಳಗೆ ನೋಡಿದಳು. ತಟ್ಟೆಗಳ ಒಂದು ಸಾಲು ಪೂರ್ತಿ ಉರುಳಿಬಿದ್ದಿತ್ತು. ಬೆರಳುದ್ದದ ಹುಳುಗಳು ನೆಲದ ತುಂಬ ಹರಿದಾಡುತ್ತಿದ್ದವು, ತುಳಿದವು ತುಳಿದಲ್ಲೇ ಹಸಿರು ರಸವಾಗಿ ಅಂಟಿದ್ದವು. ಆ ಟೇಪು ಇನ್ನೂ ತಿರುಗುತ್ತಲೇ ಇತ್ತು: "ಉಸಿರು ಒಳಗೆ ಬರುತ್ತಿದೆ, ನೋಡಿ."

"ಅಯ್ಯೋ ಹುಳ ಹೋಯ್ತಲ್ಲೋ! ಮನೆ ಹಾಳು ಮಾಡಿದ್ಯಲ್ಲೋ!" ಎಂದು ಅಕ್ಕಯಮ್ಮ ಎದೆ ಬಡಿದುಕೊಂಡಳು. ಬಾಯಿಗೆ ಮೊದಲು ಬಂದದ್ದು ಅದೇ.

ರವಿಚಂದ್ರ ತಲೆ ಎತ್ತಿದ. ದನಿಯಲ್ಲಿ ಸಿಟ್ಟಿರಲಿಲ್ಲ. "ಅವ್ವಾ, ಹೊರಗಡೆ ಚಿಲಕ ಯಾರು ಹಾಕಿದ್ದು?"

ಮುನಿರತ್ನ ಅತ್ತೆಯ ಮುಖ ನೋಡಿದಳು. ಅಕ್ಕಯಮ್ಮ ಸೀರೆ ಸೆರಗು ಹರಿದು ಮಗನ ಕೈಗೆ ಕಟ್ಟಲು ಬಂದಳು. ಸೊಸೆ ಅದನ್ನು ಅವಳ ಕೈಯಿಂದ ತೆಗೆದುಕೊಂಡು ತಾನೇ ಕಟ್ಟಿದಳು.

"ನಾಳೆ ಬೆಳಿಗ್ಗೆ ಬಸ್ಸಿಗೆ ಹೊರಡ್ತೀವಿ," ಎಂದಳು, ಅತ್ತೆಯ ಕಡೆ ತಿರುಗದೆ.

ಸಂತೆಯಿಂದ ಬಂದ ಚಿಕ್ಕವೆಂಕಟಪ್ಪ ಎಲ್ಲ ನೋಡಿ, ಚೀಲ ಕೆಳಗಿಟ್ಟವನೇ ಬಂದ ದಾರಿಯಲ್ಲೇ ವಿಜಯಪುರಕ್ಕೆ ಹೋದ. ಮಾರನೆಯ ಬೆಳಿಗ್ಗೆ ಬಸ್ಸಿನ ಹೊತ್ತಿಗೆ ಮುಂಚೆಯೇ ಮೂರ್ತಿಯ ಮೊಪೆಡ್ ಬಂತು. ಹಿಂದೆ ಬಿಳಿ ಪಂಚೆಯ ಸಂಜೀವಪ್ಪ ಮೇಷ್ಟ್ರು ಕೂತಿದ್ದರು. ಅವರು ಮನೆಯೊಳಗೆ ಹೋಗಲಿಲ್ಲ. ಹೊಂಗೆ ಮರದ ಕೆಳಗೆ, ರವಿಚಂದ್ರನಿಂದ ಸ್ವಲ್ಪ ದೂರದಲ್ಲಿ ಕೂತರು.

"ನಿನ್ನ ಕೂರಿಸೋಕೆ ಮುಂಚೆ ಯಾರಾದ್ರೂ ನಿನ್ನ ಏನಾದ್ರೂ ಕೇಳಿದ್ರೇನಪ್ಪಾ?"

"ಇಲ್ಲ ಸಾ."

"ನಾನೂ ಕೇಳಲ್ಲ, ಶಿಬಿರಕ್ಕೆ ಬಂದೋರಿಗೆಲ್ಲ ಒಂದೇ ಏಟಿಗೆ ಕಣ್ಣು ಮುಚ್ಚಿ ಅಂತೀನಿ. ತಪ್ಪು ಅದು. ಒಳಗೆ ಕೂತಾಗ ಏನಾಗ್ತದೆ ಹೇಳ್ತೀಯಾ? ಹೇಳೋಕೆ ಇಷ್ಟ ಇಲ್ದಿದ್ರೆ ಬೇಡ."

ರವಿಚಂದ್ರ ನೆಲ ಕೆರೆಯುತ್ತ ಹೇಳಿದ. "ಹುಳ ಸೊಪ್ಪು ತಿನ್ನೋ ಸದ್ದು ಇದ್ಯಲ್ಲ ಸಾ, ಸರಸರ ಅಂತ. ಬಾವಿ ಕುಸಿಯೋಕೆ ಮುಂಚೆ ಪಕ್ಕೆಯಿಂದ ಮಣ್ಣು ಹಂಗೇ ಉದುರ್ತಿತ್ತು. ನಾನು ಕೇಳಿಸ್ಕೊಂಡೆ. ಏನೋ ಇಲಿ ಇರ್ಬೇಕು ಅಂದ ವೆಂಕಟ್ರಾಯಪ್ಪ."

ಅಕ್ಕಯಮ್ಮ ಜಗಲಿಯ ಕಂಬ ಹಿಡಿದು ನಿಂತಿದ್ದಳು. ಹುಟ್ಟಿದಂದಿನಿಂದ ಆ ಸದ್ದು ಕೇಳುತ್ತ ಬಂದವಳು. ಹುಳು ಚೆನ್ನಾಗಿ ತಿನ್ನುತ್ತಿವೆ ಎಂದು ಅದನ್ನು ಕೇಳಿಯೇ ಹಿಗ್ಗುತ್ತಿದ್ದವಳು. ಅಂಥ ಸದ್ದಿನ ನಡುವೆ ಮಗನನ್ನು ದಿನಾ ಕದ ಮುಚ್ಚಿ ಕೂರಿಸಿದ್ದಳು. ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತಳು. ಅತ್ತು ಮುಗಿಸಿ, ಬಂದವರಿಗೆ ಕಾಫಿ ಕಾಸಿದಳು.

ಕಾಫಿ ತರುವಾಗ ಮೇಷ್ಟ್ರು ಹೇಳುತ್ತಿದ್ದರು. "ಕಣ್ಣು ಮುಚ್ಚೋದು ಬೇಡ. ಉಸಿರನ್ನ ನೋಡೋದೂ ಬೇಡ. ಎಲ್ಲಿದ್ರೆ ನಿನ್ಗೆ ಹಗುರ ಅನ್ನಿಸ್ತದೆ?"

"ಸೊಪ್ಪು ಕೀಳೋವಾಗ ಸಾ. ತೋಟದಲ್ಲಿ."

"ಸರಿ, ಅಲ್ಲೇ ಮಾಡು. ಕಣ್ಣು ಬಿಟ್ಕೊಂಡಿರು. ಕಾಲು ನೆಲದ ಮೇಲಿದೆ ಅನ್ನೋದು ಗೊತ್ತಿರಲಿ, ಕೈಯಲ್ಲಿರೋ ಎಲೆ ಗೊತ್ತಿರಲಿ. ಮನಸ್ಸು ಬಾವಿ ಕಡೆ ಹೊರಟ್ರೆ ಎದುರಿಗಿರೋದನ್ನ ನೋಡು, ಗಿಡಾನೋ ಹೆಂಡ್ತಿ ಮುಖಾನೋ. ಸಾಕು ಅನ್ನಿಸಿದ ಕೂಡ್ಲೆ ಬಿಟ್ಬಿಡು, ಬಿಟ್ಟಿದ್ದಕ್ಕೆ ಯಾರೂ ಏನೂ ಅನ್ನಬಾರ್ದು." ಆಮೇಲೆ ಮನೆಯವರ ಕಡೆ ತಿರುಗಿದರು. "ಕೂತ್ಕೋ ಅಂತ ಯಾರೂ ಹೇಳ್ಬೇಡಿ. ಯಾರಾದ್ರೂ ಒಬ್ರು ಇವನ ಕಣ್ಣಿಗೆ ಕಾಣೋ ಹಂಗಿರಿ, ಅಷ್ಟೆ. ಮತ್ತೆ ಡಾಕ್ಟ್ರಿಗೆ ತೋರಿಸ್ಬೇಕು, ಇದು ನನ್ನ ಕೈಲಿ ಮುಗಿಯೋದಲ್ಲ."

ಡಾಕ್ಟರು ಎಂದ ಕೂಡಲೇ ಎಲ್ಲರೂ ಅಕ್ಕಯಮ್ಮನ ಕಡೆ ನೋಡಿದರು.

"ನನ್ನೇನ್ ನೋಡ್ತೀರಾ? ಕರ್ಕೊಂಡು ಹೋಗಿ," ಎಂದಳು. "ಊರೋರು ಏನ್ ಬೇಕಾದ್ರೂ ಅಂದ್ಕೊಳ್ಳಲಿ."

ಮೂರ್ತಿ ಟೇಪ್ ರೆಕಾರ್ಡರನ್ನು ಚೀಲಕ್ಕೆ ಹಾಕಿಕೊಂಡ. ಅವನಿಗೆ ತಮ್ಮನ ಮುಖ ನೋಡಲಾಗಲಿಲ್ಲ. "ನಂಗೆ ಗೊತ್ತಾಗಲಿಲ್ಲ ಕಣೋ" ಎಂದಷ್ಟೇ ಹೇಳಿದ. ಮುನಿರತ್ನ ಕಟ್ಟಿಟ್ಟ ಗಂಟನ್ನು ಬಿಚ್ಚಲಿಲ್ಲ, ಆದರೆ ಬಸ್ಸಿಗೂ ಹೊರಡಲಿಲ್ಲ. "ಇನ್ನೊಂದು ಬೆಳೆ ನೋಡ್ತೀನಿ ಅತ್ತೆ," ಎಂದಳು.

ಉಳಿದ ತಟ್ಟೆಗಳ ಹುಳು ಹೇಗೋ ಗೂಡು ಕಟ್ಟಿದವು. ಸೀಳಿದ ಪರದೆಯಿಂದ ನೊಣ ನುಗ್ಗಿತ್ತು, ಬಹಳಷ್ಟು ಗೂಡು ತೂತಾಗಿದ್ದವು. ಅಕ್ಕಯಮ್ಮ ಅವನ್ನು ಬೇರೆ ಆರಿಸಿ ಬಂದ ಬೆಲೆಗೆ ಕೊಟ್ಟಳು.

ರವಿಚಂದ್ರ ಡಾಕ್ಟರು ಕೊಟ್ಟ ಮಾತ್ರೆ ನುಂಗಿ, ಬೆಳಿಗ್ಗೆ ಹೆಂಡತಿಯ ಜೊತೆ ತೋಟಕ್ಕೆ ಹೋಗುತ್ತಿದ್ದ. ಕೆಲವು ದಿನ ಬುಟ್ಟಿ ತುಂಬುತ್ತಿತ್ತು, ಕೆಲವು ದಿನ ಬದುವಿನ ಮೇಲೆ ಸುಮ್ಮನೆ ಕೂತುಬಿಡುತ್ತಿದ್ದ. ಯಾರೂ ಏನೂ ಅನ್ನುತ್ತಿರಲಿಲ್ಲ. ಅಕ್ಕಯಮ್ಮನಿಗೆ ಹಾಗೆ ಸುಮ್ಮನಿರುವುದು ಹೊರೆ ಹೊರುವುದಕ್ಕಿಂತ ಕಷ್ಟವಾಯಿತು. ಮುದ್ದೆಯನ್ನು ಅವನು ಈಗಲೂ ಅಗಿದೇ ತಿನ್ನುತ್ತಿದ್ದ. ಅವಳು ಬೇರೆ ಕಡೆ ತಿರುಗಿ ಉಣ್ಣುತ್ತಿದ್ದಳು.

ಮುಂದಿನ ಬೆಳೆಗೆ ಮೊಟ್ಟೆ ತರುವ ಮುಂಚೆ ಒಂದು ಮಧ್ಯಾಹ್ನ ಅವಳು ಹಾರೆ ಹಿಡಿದು ಹೊರಗಿನ ಚಿಲಕವನ್ನು ಮೀಟಿ ಕಿತ್ತಳು. ಅಷ್ಟಕ್ಕೇ ಬಿಡಲಿಲ್ಲ. ಕದವನ್ನೇ ಕಳಚಲು ಗಂಡನನ್ನು ಕರೆದಳು.

"ನಿಂಗೇನು ಬಂದಿದೆ? ಕದ ಇಲ್ದಿರೋ ಮನೇಲಿ ಲಕ್ಷ್ಮಿ ನಿಲ್ತಾಳೇನೇ?"

"ತಲೆಬಾಗ್ಲ ಕದ ಅಲ್ವಲ್ಲ. ಆಯಮ್ಮ ನಿಲ್ಲೋದಾದ್ರೆ ನಿಲ್ತಾಳೆ, ಹೋಗೋದಾದ್ರೆ ಹೋಗ್ತಾಳೆ. ಹಿಡೀರಿ ಆ ಕಡೆ."

"ನೊಣ?"

"ನೊಣಕ್ಕೆ ಪರದೆ ಹೊಲೀತೀನಿ."

ಕದ ಕೊಟ್ಟಿಗೆಯ ಗೋಡೆಗೆ ಒರಗಿತು. ಅಕ್ಕಯಮ್ಮ ನೈಲಾನ್ ಪರದೆಯನ್ನು ಎರಡು ಪದರ ಮಾಡಿ, ಕೆಳಗಿನ ಮಡಿಕೆಯಲ್ಲಿ ಬೆಣಚುಕಲ್ಲು ತುಂಬಿ ಹೊಲಿದು ಬಾಗಿಲಿಗೆ ಇಳಿಬಿಟ್ಟಳು. ಒಳಗಿನಿಂದ ನೋಡಿದರೆ ಅಂಗಳ, ಹೊಂಗೆ ಮರ, ದಾರಿಯಲ್ಲಿ ಹೋಗುವವರು ಎಲ್ಲ ಕಾಣುತ್ತಿದ್ದರು. ಊರಿನ ಹೆಂಗಸರು ನಕ್ಕರು. ಇದೇನಕ್ಕ, ಹುಳಕ್ಕೂ ಸೊಳ್ಳೆಪರದೆನಾ ಎಂದರು. ಹೂಂ ಕಣ್ರಮ್ಮ, ಹುಳಾನೂ ಸುಖವಾಗಿ ನಿದ್ದೆ ಮಾಡ್ಲಿ ಎಂದಳು.

ಆ ಬೆಳೆಯಲ್ಲಿ ರವಿಚಂದ್ರ ಮೊದಮೊದಲು ಹೊಸ್ತಿಲ ಹೊರಗೇ ಕೂತು ಹೆಂಡತಿ ತಂದುಕೊಟ್ಟ ತಟ್ಟೆಯ ಕಸ ತೆಗೆಯುತ್ತಿದ್ದ. ಹುಳು ತಿನ್ನುವ ಸದ್ದು ಜೋರಾದ ದಿನ ಎದ್ದು ಹೋಗುತ್ತಿದ್ದ. ಮತ್ತೆ ಬರುತ್ತಿದ್ದ. ಒಮ್ಮೊಮ್ಮೆ ಬರುತ್ತಿರಲಿಲ್ಲ.

ಹುಳು ಹಣ್ಣಾಯಿತು. ಹಣ್ಣಾದ ಹುಳು ಯಾರನ್ನೂ ಕಾಯುವುದಿಲ್ಲ. ಆರಿಸಿ ಆರಿಸಿ, ಚಂದ್ರಿಕೆ ಎನ್ನುವ ಬಿದಿರಿನ ಸುರುಳಿಯ ತಟ್ಟಿಗೆ ಬಿಡಬೇಕು, ಇಲ್ಲದಿದ್ದರೆ ಎಲ್ಲೆಂದರಲ್ಲಿ ನೂಲು ಬಿಟ್ಟು ಹಾಳಾಗುತ್ತದೆ. ಬೆಳಗಿನಿಂದ ಅತ್ತೆ, ಸೊಸೆ, ಚಿಕ್ಕವೆಂಕಟಪ್ಪ ಮೂವರೂ ಬಗ್ಗಿದ್ದ ಸೊಂಟ ಎತ್ತಿರಲಿಲ್ಲ. ಅಕ್ಕಯಮ್ಮ ಖಾಲಿ ಚಂದ್ರಿಕೆ ತರಲು ಅಂಗಳಕ್ಕೆ ಹೋಗಿ ಬರುವಷ್ಟರಲ್ಲಿ ರವಿಚಂದ್ರ ಪರದೆಯ ಒಳಗಿದ್ದ. ಗೋಡೆಗೆ ಬೆನ್ನು ಕೊಟ್ಟು, ಬಾಗಿಲ ಕಡೆ ಮುಖ ಮಾಡಿ ನಿಂತು, ಒಂದೊಂದೇ ಹುಳುವನ್ನು ಬೆಳಕಿಗೆ ಹಿಡಿದು ನೋಡಿ ಚಂದ್ರಿಕೆಗೆ ಬಿಡುತ್ತಿದ್ದ. ಹಣೆಯಲ್ಲಿ ಬೆವರಿತ್ತು.

ಅಕ್ಕಯಮ್ಮ ಚಂದ್ರಿಕೆಯನ್ನು ಸದ್ದಾಗದ ಹಾಗೆ ಗೋಡೆಗೆ ಒರಗಿಸಿ, ಪರದೆಯನ್ನು ಎರಡೂ ಕೈಯಿಂದ ಎತ್ತಿ ಹಿಡಿದುಕೊಂಡು ಹೊರಗೇ ನಿಂತಳು. ಅವನು ಹೊರಗೆ ಓಡಬೇಕೆಂದರೆ ಯಾವುದೂ ಅಡ್ಡ ಬರದಿರಲಿ ಎಂದು ಹಾಗೆ ನಿಂತಳು. ಕಲ್ಲು ತುಂಬಿದ ಪರದೆ ಭಾರವಾಗಿತ್ತು, ತೋಳು ಸೋಲುತ್ತಿತ್ತು. ಕೊಟ್ಟಿಗೆಯ ಕಡೆಯಿಂದ ಒಂದು ನೊಣ ಗುಂಯ್ ಎಂದು ಬಂದು ಅವಳ ಕಿವಿಯ ಪಕ್ಕ ಸುತ್ತಿತು. ಅವಳು ಕದಲಲಿಲ್ಲ.

ರವಿಚಂದ್ರ ಹುಳುವಿನಿಂದ ಕಣ್ಣೆತ್ತಿ ತಾಯಿಯನ್ನು ನೋಡಿದ.

"ಅದ್ಯಾಕವ್ವಾ ಅಲ್ಲೇ ನಿಂತ್ಬಿಟ್ಟೆ? ಪರದೆ ಬಿಟ್ಟು ಒಳಗೆ ಬಾ. ನೊಣ ನುಗ್ತದೆ."

"ಹೂಂ, ನಂಗೇ ಹೇಳ್ಕೊಡು ಈಗ," ಎಂದಳು ಅಕ್ಕಯಮ್ಮ. ಚಂದ್ರಿಕೆ ಎತ್ತಿಕೊಂಡು ಒಳಗೆ ಹೋಗಿ, ಪರದೆಯನ್ನು ಬೆನ್ನ ಹಿಂದೆ ಇಳಿಬಿಟ್ಟು, ಮಗನ ಪಕ್ಕದ ತಟ್ಟೆಗೆ ಬಗ್ಗಿದಳು.